ಕಾಲು ಏಳು

ಗೆರ್ಲಿಂಡೆ ಊಲಿಗ್ ತನ್ನ ಎಪ್ಪತ್ತು ವರ್ಷದ ಬಾಳಿನಲ್ಲಿ ಪೊಲೀಸರಿಗೆ ಫೋನ್ ಮಾಡಿದ್ದು ಒಂದೇ ಒಂದು ಸಲ. ಮಾತು ನಡೆದದ್ದು ಇಪ್ಪತ್ತಾರು ಸೆಕೆಂಡು. ಅದರಲ್ಲಿ ಎರಡೇ ಎರಡು ಪದಗಳನ್ನು ಆ ಕಡೆಯವನು ತಪ್ಪಾಗಿ ಬರೆದುಕೊಂಡ. ಅದರಿಂದ ಒಬ್ಬ ಮನುಷ್ಯ ಸತ್ತ. ನಮ್ಮ ಎರ್ಲೆನ್‌ಗ್ರೂನ್ ಊರಿನಲ್ಲಿ ಅವಳನ್ನು ಕಂಡರೆ ಮಾತಾಡಿಸುವವರು ಮೂರೇ ಜನ ಉಳಿದರು. ಆ ಮೂವರಲ್ಲಿ ನಾನೊಬ್ಬ. ಹಾಗಂತ ನನ್ನನ್ನು ದೊಡ್ಡ ಮನಸ್ಸಿನವನು ಎಂದುಕೊಳ್ಳಬೇಡಿ. ಪೂರ್ತಿ ಕೇಳಿ, ಆಮೇಲೆ ತೀರ್ಮಾನ ಮಾಡಿ.

ನಾವಿಬ್ಬರೂ ಒಂದೇ ಮೆಟ್ಟಿಲ ಮನೆಯವರು. ಪರದೆ ಬಟ್ಟೆಯ ಕಾರ್ಖಾನೆ ತನ್ನ ಕೆಲಸಗಾರರಿಗೆಂದು ಕಟ್ಟಿಸಿದ ನಾಲ್ಕು ಮಹಡಿಯ ಕಟ್ಟಡ, ಒಂದು ಮೆಟ್ಟಿಲು, ಎಂಟು ಬಾಗಿಲು. ಅವಳದು ಮೂರನೆಯ ಮಹಡಿ, ನನ್ನದು ಅವಳ ತಲೆಯ ಮೇಲೆ ನಾಲ್ಕನೆಯದು. ನಾನು ಮಗ್ಗದ ಯಂತ್ರ ರಿಪೇರಿ ಮಾಡುತ್ತಿದ್ದೆ. ಇಪ್ಪತ್ತೆಂಟು ವರ್ಷ ದಾರದ ಧೂಳು ಕುಡಿದು ಎದೆಯಲ್ಲಿ ಒಂದು ಕೆಮ್ಮು ಮನೆ ಮಾಡಿಕೊಂಡಿತು. ಹತ್ತುವಾಗ ಅವಳ ಬಾಗಿಲ ಮುಂದೆ ಸರಿಯಾಗಿ ಅದು ಬರುತ್ತದೆ. ನಾನು ಕೆಮ್ಮಿದೊಡನೆ ಒಳಗೆ ಬಾಗಿಲಿನ ಸರಪಳಿ ಬೀಳುವ ಸದ್ದು ಕೇಳುತ್ತಿತ್ತು. ಒಂಟಿ ಹೆಂಗಸು, ಜಾಗ್ರತೆ ಹೆಚ್ಚು ಎಂದುಕೊಂಡು ನನ್ನ ಪಾಡಿಗೆ ನಾನು ಮೇಲೆ ಹೋಗುತ್ತಿದ್ದೆ.

ಅವಳ ಕೆಲಸ ಕಾರ್ಖಾನೆಯ ಗೇಟಿನಲ್ಲಿ. ಹಾಜರಿ ಗಡಿಯಾರ ನೋಡಿಕೊಳ್ಳುವುದು, ಪಾಳಿ ಬದಲಾಗುವಾಗ ಸೈರನ್ ಕೂಗಿಸುವುದು. ಊರಿಗೆ ಊರೇ ಅವಳ ಸೈರನ್‌ಗೆ ಆಲೂಗಡ್ಡೆ ಬೇಯಲು ಇಡುತ್ತಿತ್ತು, ಹಾಲು ಕೊಡುವವಳು ಹಸುವಿನ ಕೆಚ್ಚಲಿಗೆ ಕೈ ಹಾಕುತ್ತಿದ್ದಳು. ಚರ್ಚಿನ ಗಡಿಯಾರ ನಾಲ್ಕು ನಿಮಿಷ ಹಿಂದೆ ಬಿದ್ದರೆ ಪಾದ್ರಿಯೇ ಗೇಟಿಗೆ ಬಂದು ಅವಳ ಹತ್ತಿರ ಗಂಟೆ ಕೇಳಿ ಸರಿ ಮಾಡಿಕೊಂಡು ಹೋಗುತ್ತಿದ್ದರು. ಗಂಟೆ ಗೆರ್ಲಿಂಡೆ ಎಂದೇ ಅವಳ ಹೆಸರು.

ಇಲ್ಲಿ ಗಂಟೆಯ ವಿಷಯ ಒಂದು ಹೇಳಿಬಿಡಬೇಕು, ಕಥೆಯೆಲ್ಲ ಅದರ ಮೇಲೆ ನಿಂತಿದೆ. ಆರೂಕಾಲು ಗಂಟೆಗೆ ನಮ್ಮ ಕಡೆ ‘ಕಾಲು ಏಳು’ ಎನ್ನುತ್ತೇವೆ. ಏಳನೆಯ ಗಂಟೆ ಕಾಲುಭಾಗ ತುಂಬಿತು ಎಂದು ಲೆಕ್ಕ. ಆರೂವರೆ ಎಂದರೆ ಅರ್ಧ ಏಳು, ಆರೂಮುಕ್ಕಾಲು ಎಂದರೆ ಮುಕ್ಕಾಲು ಏಳು. ಗ್ಲಾಸಿಗೆ ಬಿಯರ್ ಸುರಿದ ಹಾಗೆ ತುಂಬುತ್ತಾ ಹೋಗುತ್ತದೆ. ನಮಗೆ ಇದಕ್ಕಿಂತ ನೇರವಾದ ಲೆಕ್ಕ ಪ್ರಪಂಚದಲ್ಲಿ ಇಲ್ಲ. ಆದರೆ ನಮ್ಮ ಪೂರ್ವ ಜರ್ಮನಿಯ ಗಡಿಯ ಆಚೆಯ, ಪಶ್ಚಿಮದ ಬಹಳಷ್ಟು ಜರ್ಮನರಿಗೆ ‘ಅರ್ಧ’ ಅರ್ಥವಾಗುತ್ತದೆ, ‘ಕಾಲು’ ಅರ್ಥವಾಗುವುದಿಲ್ಲ. ಕಾಲು ಏಳು ಎಂದರೆ ಏಳರ ಮೇಲೆ ಕಾಲು ಎಂದುಕೊಳ್ಳುತ್ತಾರೆ. ಒಂದು ಗಂಟೆ ಪೂರ್ತಿ ವ್ಯತ್ಯಾಸ.

ಅವಳಿಗೆ ಎಕ್ಕೆಹಾರ್ಟ್ ಎಂಬ ತಮ್ಮನಿದ್ದ. ಎಪ್ಪತ್ತಾರರ ಬೇಸಿಗೆ, ಅವನಿಗೆ ಇಪ್ಪತ್ತೆರಡು. ಹಂಗೇರಿಗೆ ಹೋಗಿ ಅಲ್ಲಿಂದ ಕದ್ದು ಪಶ್ಚಿಮಕ್ಕೆ ಗಡಿ ದಾಟಿಬಿಡುವ ಹುಚ್ಚು ತಲೆಗೆ ಹತ್ತಿತ್ತು. ಹತ್ತಿದ್ದನ್ನು ತಲೆಯಲ್ಲೇ ಇಟ್ಟುಕೊಂಡಿದ್ದರೆ ಆಗುತ್ತಿತ್ತು, ಶನಿವಾರ ಮೆಟ್ಟಿಲು ಗುಡಿಸುವ ಸರದಿ ಅವರದು, ಗುಡಿಸುತ್ತಾ ಗುಡಿಸುತ್ತಾ ಅಕ್ಕನಿಗೆ ಹೇಳಿದ: “ಮುಂದಿನ ಶನಿವಾರ ಇದನ್ನ ನೀನೇ ಗುಡಿಸ್ಕೋ ಅಕ್ಕ, ನಾನಿರಲ್ಲ.” ಎಂಟು ಬಾಗಿಲಿಗೂ ಕಿವಿ ಇತ್ತು. ಗುರುವಾರ ರೈಲು ನಿಲ್ದಾಣದಲ್ಲಿ ಇಬ್ಬರು ಗುಪ್ತ ಪೊಲೀಸರು ಅವನಿಗಾಗಿ ಕಾಯುತ್ತಿದ್ದರು.

ಎರಡು ವರ್ಷ ಜೈಲು. ಆಮೇಲೆ ಪಶ್ಚಿಮದವರಿಂದ ದುಡ್ಡು ತೆಗೆದುಕೊಂಡು ಅಲ್ಲಿಂದಲೇ ಆಚೆಗೆ ಸಾಗಿಸಿದರು, ಮತ್ತೆ ಊರಿಗೆ ಬರುವ ಹಾಗಿರಲಿಲ್ಲ. ಅವರ ತಾಯಿ ಮಗನ ಮುಖ ನೋಡದೆ ಕಣ್ಣು ಮುಚ್ಚಿದಳು. ಗಡಿ ತೆರೆಯಲು ಎರಡು ವರ್ಷ ಇರುವಾಗ ಅವನೂ ಅಲ್ಲೇ ತೀರಿಕೊಂಡ. ವಿಚಾರಣೆಗೆ ಕರೆದ ಅಧಿಕಾರಿ ಗೆರ್ಲಿಂಡೆಗೆ ಸಿಗರೇಟು ಕೊಡಲು ಬಂದು, ನಕ್ಕು ಹೇಳಿದನಂತೆ: “ನಿಮ್ಮ ಮೆಟ್ಟಿಲಲ್ಲಿ ಒಳ್ಳೇ ನಾಗರಿಕರಿದಾರೆ ಕಣಮ್ಮ.” ಆ ಒಂದು ಮಾತು ಅವಳ ಕರುಳಿಗೆ ಸೇರಿಕೊಂಡಿತು. ಯಾರ ಮೇಲೂ ಯಾರಿಗೂ ಒಂದು ಅಕ್ಷರ ಹೇಳಿಕೊಡುವುದಿಲ್ಲ, ಕೊಲೆ ಕಣ್ಣಾರೆ ಕಂಡರೂ ಇಲ್ಲ ಎಂದು ಅವತ್ತೇ ಆಣೆ ಮಾಡಿದಳು. ಮುಂದೆ ಗುಪ್ತ ಪೊಲೀಸರ ಹಳೆಯ ಕಡತಗಳನ್ನು ಜನರಿಗೆ ತೆರೆದಾಗಲೂ ಅವಳು ಅರ್ಜಿ ಹಾಕಲಿಲ್ಲ. “ಹೇಳಿಕೊಟ್ಟೋರ ಹೆಸರು ಗೊತ್ತಾದ್ರೆ ಆಮೇಲೆ ಯಾರ ಮನೇಲಿ ಕಾಫಿ ಕುಡೀಲಿ?” ಎಂದಳು.

ನಾನಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತೀರಿ, ಅನ್ನಿ. ಆದರೂ ನಾನಲ್ಲ. ಆ ಶನಿವಾರ ನಾನು ಮಗ್ಗದ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದೆ.

ಎಂಬತ್ತೊಂಬತ್ತರ ಅಕ್ಟೋಬರ್ ಬಂತು. ದೊಡ್ಡ ಪಟ್ಟಣಗಳಲ್ಲಿ ಸೋಮವಾರ ಸೋಮವಾರ ಜನ ಸರ್ಕಾರದ ವಿರುದ್ಧ ಬೀದಿಗಿಳಿಯುತ್ತಿದ್ದರು. ನಮ್ಮೂರಲ್ಲಿ ಒಂದು ಚೀಟಿ ಬರೆಯಲಿಲ್ಲ, ಒಂದು ಗೋಡೆಗೆ ಅಂಟಿಸಲಿಲ್ಲ. ಗೇಟಿನಲ್ಲಿ ಹಾಜರಿ ಕಾರ್ಡು ಒತ್ತಿಸಿಕೊಳ್ಳುವಾಗ ಗೆರ್ಲಿಂಡೆ ಮುಖ ಎತ್ತದೆ “ಕಾಲು ಏಳು, ಚರ್ಚು” ಎಂದಳು. ಮುನ್ನೂರು ಜನಕ್ಕೆ ಅಷ್ಟೇ ಹೇಳಿದಳು. ಕಾಲು ಏಳಕ್ಕೆ ಚರ್ಚಿನ ಮುಂದೆ ಆರುನೂರು ಜನ ಇದ್ದೆವು. ಅವಳು ತಗಡಿನ ಲಾಂದ್ರದಲ್ಲಿ ಮೇಣದಬತ್ತಿ ಹಚ್ಚಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಅವಳ ಪಕ್ಕದಲ್ಲಿ ಲುಟ್ಸ್, ಛಾವಣಿ ಹೊದಿಸುವ ಕೆಲಸದ ಇಪ್ಪತ್ತೈದರ ಯುವಕ, ಗಾಳಿಗೆ ದೀಪ ಆರದಂತೆ ತನ್ನ ಟೋಪಿ ತೆಗೆದು ಅಡ್ಡ ಹಿಡಿದಿದ್ದ. ‘ನಾವೇ ಜನ’ ಎಂದು ಕೂಗಿದೆವು. ಪಕ್ಕದ ಬೀದಿಯಲ್ಲಿ ಪೊಲೀಸರ ಲಾರಿಗಳು ದೀಪ ಆರಿಸಿ ನಿಂತಿವೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಕಂಡಿರಲಿಲ್ಲ. ಕಾಣದಿದ್ದದ್ದೇ ಅವರು ಇರುವುದಕ್ಕೆ ಸಾಕ್ಷಿ. ನಾವು ಬೆಳೆದ ಕಾಲವೇ ಅಂಥದು. ಅವತ್ತು ನನಗೆ ಬದುಕಿನಲ್ಲಿ ಮೊದಲ ಸಲ ನನ್ನ ಊರಿನ ಮೇಲೆ ಪ್ರೀತಿ ಬಂತು. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಎರಡು ದೇಶ ಒಂದಾಯಿತು. ತೊಂಬತ್ತೊಂದರಲ್ಲಿ ಕಾರ್ಖಾನೆಯ ಹಣೆಬರಹ ಬರೆಯಲು ಪಶ್ಚಿಮದಿಂದ ಡಾಕ್ಟರ್ ಫೆಲ್ಟ್‌ಹೌಸ್ ಎಂಬಾತ ಬರುವುದಿತ್ತು. ಸಭೆ ಎಷ್ಟು ಹೊತ್ತಿಗೆ ಎಂದು ಅವನ ಕಾರ್ಯದರ್ಶಿ ಗೇಟಿಗೆ ಫೋನ್ ಮಾಡಿ ಕೇಳಿದಳು. ಗೆರ್ಲಿಂಡೆ “ಕಾಲು ಹತ್ತು” ಎಂದಳು. ನಾವು ಮುನ್ನೂರು ಜನ ಒಂಬತ್ತೂಕಾಲಿಗೆ, ಫೆಬ್ರವರಿಯ ಹಿಮದಲ್ಲಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಅಂಗಳದಲ್ಲಿ ನಿಂತೆವು. ಅವನು ಬಂದದ್ದು ಹತ್ತೂಕಾಲಿಗೆ. ಕಾರಿನಿಂದ ಇಳಿದವನೇ ನಮ್ಮನ್ನು ನೋಡಿ ಗಡಿಯಾರ ನೋಡಿಕೊಂಡ.

“ಕೆಲಸದ ಹೊತ್ನಲ್ಲಿ ಮುನ್ನೂರು ಜನ ಅಂಗಳದಲ್ಲಿ ನಿಂತಿದೀರಿ. ನಿಮ್ಮ ಕಾರ್ಖಾನೆ ಕಾಯಿಲೆ ಏನು ಅಂತ ನಾನು ಒಳಗೆ ಹೋಗಿ ನೋಡಬೇಕಾಗೇ ಇಲ್ಲ.”

“ಕಾಲು ಹತ್ತು ಅಂದಿದ್ವಿ ಸ್ವಾಮಿ. ಒಂದು ಗಂಟೆಯಿಂದ ಕಾಯ್ತಿದೀವಿ” ಎಂದಳು ಗೆರ್ಲಿಂಡೆ.

“ಕಾಲು ಹತ್ತು? ಅದ್ಯಾವ ಭಾಷೆ? ಇನ್ನುಮೇಲೆ ನೀವೆಲ್ಲ ಜರ್ಮನ್ ಮಾತಾಡೋದು ಕಲೀಬೇಕು.”

“ನಲವತ್ನಾಲ್ಕು ವರ್ಷದಿಂದ ನಾನು ಅದನ್ನೇ ಮಾತಾಡ್ತಿರೋದು.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವನು ನಗಲಿಲ್ಲ. ಸೆಪ್ಟೆಂಬರಿಗೆ ಕಾರ್ಖಾನೆ ಮುಚ್ಚಿತು, ಸೈರನ್ ಗುಜರಿಗೆ ಹೋಯಿತು. ನಾವೆಲ್ಲ ಮೆಲ್ಲಗೆ ಬಗ್ಗಿದೆವು. ಕೆಲಸ ಕೇಳಲು ಹೋದಾಗ, ಪಶ್ಚಿಮದ ನಾದಿನಿಯ ಹತ್ತಿರ ಫೋನಿನಲ್ಲಿ ಮಾತಾಡುವಾಗ ‘ಒಂಬತ್ತಾಗಿ ಹದಿನೈದು ನಿಮಿಷ’ ಎನ್ನಲು ಕಲಿತೆವು. ನಾನೂ ಕಲಿತೆ. ಗೆರ್ಲಿಂಡೆ ಕಲಿಯಲಿಲ್ಲ. “ದೇಶ ಹೋಯ್ತು, ಕಾರ್ಖಾನೆ ಹೋಯ್ತು, ದುಡ್ಡು ಬದಲಾಯ್ತು, ಬೀದಿ ಹೆಸರು ಬದಲಾಯ್ತು. ಗಂಟೆ ಮಾತ್ರ ನಂದು, ಅದನ್ನ ಬಿಡಲ್ಲ” ಎನ್ನುತ್ತಿದ್ದಳು. ಆಗ ನನಗೆ ಅದು ಗತ್ತಾಗಿ ಕಾಣುತ್ತಿತ್ತು. ಈಗ ಬೇರೆ ಥರ ಕಾಣುತ್ತದೆ.

ಎರಡು ಸಾವಿರದ ಹದಿನೈದರಲ್ಲಿ ಕಾರ್ಖಾನೆಯ ಹಳೆಯ ಹೆಂಗಸರ ಹಾಸ್ಟೆಲ್ಲಿಗೆ ಸಿರಿಯಾದಿಂದ ಓಡಿಬಂದವರನ್ನು ತಂದು ಇಳಿಸಿದರು. ಐವತ್ತು ಅರವತ್ತು ಜನ. ಊರು ಹುಬ್ಬು ಗಂಟಿಕ್ಕಿಕೊಂಡಿತು. ಗೆರ್ಲಿಂಡೆಗೆ ಆಗ ಅರವತ್ತೆಂಟು. ರಟ್ಟಿನಲ್ಲಿ ಒಂದು ಗಡಿಯಾರ ಕತ್ತರಿಸಿ, ಕಬ್ಬಿಣದ ಗುಂಡಿಗೆ ಎರಡು ಮುಳ್ಳು ಸಿಕ್ಕಿಸಿ, ಹಾಸ್ಟೆಲ್ಲಿನ ಊಟದ ಮನೆಯಲ್ಲಿ ಭಾಷೆ ಕಲಿಸಲು ಹೋದಳು. ಅವಳಿಗೆ ಗೊತ್ತಿದ್ದ ಪಾಠ ಒಂದೇ. ಗಂಟೆ.

ಸಮೀರಾ ಎಂಬ ದರ್ಜಿ ಹೆಂಗಸು ಮೂರು ದಿನದಲ್ಲಿ ಕಲಿತಳು. ಅವಳ ಅಣ್ಣ ನಬೀಲ್ ಸಿರಿಯಾದಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವನು, ಜಗಳಕ್ಕೇ ನಿಂತ.

“ಕಾಲು ಏಳು ಅಂದ್ರೆ ಏಳರಲ್ಲಿ ಕಾಲು ಭಾಗ, ಅಲ್ವಾ ಟೀಚರ್? ಅಂದ್ರೆ ಒಂದೂಮುಕ್ಕಾಲು. ಇವ್ರು ಅದನ್ನ ಯಾಕೆ ಆರೂಕಾಲು ಅಂತಾರೆ?”

“ನೀನು ಲೆಕ್ಕ ಮಾಡ್ಬೇಡ ಮಾರಾಯ, ಗಂಟೆ ಹೇಳು.”

“ಲೆಕ್ಕ ಇಲ್ದೆ ಗಂಟೆ ಹೆಂಗೆ ಹೇಳ್ಲಿ?”

ಈ ಜಗಳವನ್ನು ನನ್ನ ಮುಂದೆ ಅಭಿನಯಿಸಿ ತೋರಿಸಿ ಗೆರ್ಲಿಂಡೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ಕಾರ್ಖಾನೆ ಮುಚ್ಚಿದ ಮೇಲೆ ನಾನು ನೋಡಿರಲಿಲ್ಲ.

ನವೆಂಬರಿನಲ್ಲಿ ಸತ್ತವರ ಭಾನುವಾರ ಬರುತ್ತದೆ. ಸಮಾಧಿಗೆ ಹೋಗಿ ಪೈನ್ ರೆಂಬೆ ಹೊದಿಸಿ ಬರುವುದು ಪದ್ಧತಿ. ಅವತ್ತು ಮಧ್ಯಾಹ್ನ ನಾನು ಅವಳ ಮನೆಯಲ್ಲಿ ಕಾಫಿಗೆ ಕೂತಿದ್ದೆ. ಪ್ಲಮ್ ಹಣ್ಣಿನ ಕೇಕು ಮಾಡಿದ್ದಳು. ಲುಟ್ಸ್ ಬಂದ. ಈಗ ಐವತ್ತು ದಾಟಿದವನು, ಸ್ವಂತ ಛಾವಣಿ ಕಂಪನಿಯ ಯಜಮಾನ, ಹೊಟ್ಟೆ ಬೆಳೆದಿತ್ತು, ದನಿಯೂ ಬೆಳೆದಿತ್ತು. ಕಳೆದ ಆರು ವಾರದಿಂದ ಹಾಸ್ಟೆಲ್ಲಿನವರ ವಿರುದ್ಧ ಸೋಮವಾರದ ಮೆರವಣಿಗೆ ಅವನದೇ. ಅನುಮತಿ ಕೇಳಬೇಕಾಗದಿರಲೆಂದು ಅದಕ್ಕೆ ‘ಸಂಜೆಯ ಅಡ್ಡಾಟ’ ಎಂದು ಹೆಸರಿಟ್ಟಿದ್ದರು.

“ನಾಳೆ ನೀನು ಮುಂದಿರ್ಬೇಕು ಗೆರ್ಲಿಂಡೆ” ಎಂದ, ಕೇಕಿಗೆ ಕೈ ಹಾಕುತ್ತಾ. “ಆವತ್ತು ಮುಂದೆ ನಡೆದೋಳು ನೀನೇ. ಆ ಲಾಂದ್ರ ಇದ್ಯಲ್ವಾ?”

“ಲಾಂದ್ರ ಇದೆ. ಎಲ್ಲೀತನಕ ಅಡ್ಡಾಟ?”

“ಹಾಸ್ಟೆಲ್ ತನಕ.”

“ಅಲ್ಲಿ ಹೋಗಿ?”

“ನಿಂತ್ಕೋತೀವಿ. ಜನ ಅಂದ್ರೆ ಯಾರು ಅಂತ ತೋರಿಸ್ತೀವಿ. ಆವತ್ತೂ ನಾವೇ ಜನ, ಇವತ್ತೂ ನಾವೇ ಜನ.”

“ಬರೀ ನಿಂತ್ಕೊಳ್ಳೋಕೆ ನನ್ನ ಲಾಂದ್ರ ಯಾಕೋ?”

ಲುಟ್ಸ್ ಕಾಫಿ ಕದಡಿದ. ಸಕ್ಕರೆ ಕರಗಿ ಎಷ್ಟೋ ಹೊತ್ತಾಗಿತ್ತು, ಆದರೂ ಕದಡುತ್ತಲೇ ಇದ್ದ. “ದೊಡ್ಡೋರು ನಿಂತ್ಕೋತೀವಿ. ಹಿಂದಿರೋರ ಚೀಲದಲ್ಲಿ ಏನಿರತ್ತೆ ಅಂತ ನಾನ್ಯಾಕೆ ನೋಡ್ಲಿ? ಮುಂದಿನ ಸಾಲಿನ ಕಿಟಕಿ ನಾಲ್ಕು ಒಡೆದ್ರೆ ಅವ್ರಿಗೆ ಒಳ್ಳೇ ಗಾಳಿ ಬರತ್ತೆ. ಬಿಸಿ ದೇಶದೋರು, ಸ್ವಲ್ಪ ಬೆಚ್ಚಗಾದ್ರೂ ಬೇಜಾರು ಮಾಡ್ಕೊಳಲ್ಲ.” ತಾನೇ ನಕ್ಕ. “ಕಾಲು ಏಳಕ್ಕೆ, ಚರ್ಚು. ಆವತ್ತಿನ ಹೊತ್ತೇ. ಜೀಗ್‌ಮಾರ್, ನೀನೂ ಬಾ.”

“ಎದೆ ಸರಿಯಿಲ್ಲಪ್ಪ” ಎಂದೆ. ಬರುವುದಿಲ್ಲ ಎನ್ನಲಿಲ್ಲ. ಎದೆ ಸರಿಯಿಲ್ಲ ಎಂದೆ.

ಅವನು ಹೋದ ಮೇಲೆ ಗೆರ್ಲಿಂಡೆ ತಟ್ಟೆಗಳನ್ನು ಎತ್ತದೆ ಕೂತಳು.

“ಜೀಗ್‌ಮಾರ್, ನೀನು ಕೇಳಿಸ್ಕೊಂಡೆ ತಾನೆ? ಬೆಚ್ಚಗೆ ಅಂದ.”

“ಬಾಯಿಬಡಾಯಿ ಕಣೆ. ಕುಡೀತಾರೆ, ಕೂಗ್ತಾರೆ, ಮನೇಗೆ ಹೋಗಿ ಮಲಗ್ತಾರೆ.”

“ಯಾರಿಗಾದ್ರೂ ಹೇಳ್ಬೇಕಾ?”

“ಯಾರಿಗೆ, ಪೊಲೀಸ್ರಿಗಾ? ಅದೂ ನೀನಾ?” ಎಂದು ನಾನು ನಕ್ಕುಬಿಟ್ಟೆ. ಆ ನಗುವನ್ನು ವಾಪಸ್ಸು ತೆಗೆದುಕೊಳ್ಳಲು ಆಗುವುದಾದರೆ ಉಳಿದ ಆಯುಸ್ಸನ್ನು ಕೊಟ್ಟೇನು.

ಸೋಮವಾರ ಬೆಳಿಗ್ಗೆ ಅವಳು ರಟ್ಟಿನ ಗಡಿಯಾರ ಹಿಡಿದು ಹಾಸ್ಟೆಲ್ಲಿಗೆ ಹೋದಳು. ಕಾವಲಿನವನಿಗೆ ಹೇಳಿದರೆ, “ನನ್ನ ಡ್ಯೂಟಿ ಐದಕ್ಕೆ ಮುಗಿಯತ್ತೆ ಅಮ್ಮ” ಎಂದನಂತೆ. ಸಮೀರಾಳನ್ನು ಪಕ್ಕಕ್ಕೆ ಕರೆದಳು. “ಇವತ್ತು ಕಾಲು ಏಳಕ್ಕೆ ಮುಂದಿನ ಕೋಣೆಗಳಲ್ಲಿ ಯಾರೂ ಇರ್ಬೇಡಿ. ಹಿಂದುಗಡೆ ಸಾಮಾನು ಅಂಗಳಕ್ಕೆ ಹೋಗ್ಬಿಡಿ.” ಸಮೀರಾ ಯಾಕೆ ಎಂದು ಕೇಳಲಿಲ್ಲ, ಅಂಥ ಮಾತಿಗೆ ಯಾಕೆ ಎಂದು ಕೇಳಬಾರದೆಂದು ಅವಳ ಊರು ಕಲಿಸಿತ್ತು. ರಟ್ಟಿನ ಗಡಿಯಾರ ತೆಗೆದುಕೊಂಡು ಸಣ್ಣ ಮುಳ್ಳನ್ನು ಆರರ ಆಚೆಗೆ, ದೊಡ್ಡ ಮುಳ್ಳನ್ನು ಮೂರಕ್ಕೆ ತಿರುಗಿಸಿ ತೋರಿಸಿದಳು. “ಇದೇ ತಾನೆ ಟೀಚರ್?” “ಅದೇ” ಎಂದಳು ಗೆರ್ಲಿಂಡೆ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಅವಳು ಫೋನ್ ಮಾಡಿದಳು. ಅವಳ ಫೋನು ಬಾಗಿಲ ಪಕ್ಕದ ಗೋಡೆಯ ಮೇಲಿತ್ತು. ಎಷ್ಟು ಹೊತ್ತು ಅದರ ಮುಂದೆ ನಿಂತಿದ್ದಳೋ ದೇವರಿಗೇ ಗೊತ್ತು. ಮೂವತ್ತೊಂಬತ್ತು ವರ್ಷದ ಆಣೆ ಮುರಿಯುವುದು ಎಂದರೆ ಕೋಲು ಮುರಿದಂತಲ್ಲ. ನಾನು ಆಗ ಬ್ರೆಡ್ಡು ತರಲು ಹೋಗಿದ್ದೆ.

ಸಂಜೆ ಆರೂಕಾಲಿಗೆ ಚರ್ಚಿನ ಮುಂದೆ ಇನ್ನೂರು ಜನ ಸೇರಿದರು. ನನ್ನ ಕೋಣೆಯ ದೀಪ ಆರಿಸಿ, ಪರದೆಯ ಸಂದಿಯಿಂದ ನೋಡಿದೆ. ಪರದೆ ನಮ್ಮ ಕಾರ್ಖಾನೆಯದೇ. ಸತ್ತವರ ಭಾನುವಾರ ಕಳೆದ ಮರುದಿನ ಮನೆ ಮನೆಯ ಕಿಟಕಿಯಲ್ಲೂ ಮರದಲ್ಲಿ ಮಾಡಿದ ಕ್ರಿಸ್ಮಸ್ಸಿನ ಕಮಾನು ದೀಪ ಇಡುತ್ತೇವೆ. ಬೀದಿಗೆ ಬೀದಿಯೇ ಮಿಣಮಿಣ ಎನ್ನುತ್ತಿತ್ತು, ಅದರ ಕೆಳಗೆ ಅವರು ಮಾತಿಲ್ಲದೆ ನಡೆದು ಹೋದರು. ಕೂಗಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಗೆರ್ಲಿಂಡೆ ಹಿಂದಿನ ದಾರಿಯಲ್ಲಿ ಮೊದಲೇ ಹೋಗಿ ಹಾಸ್ಟೆಲ್ಲಿನ ಮುಂದಿನ ಮೆಟ್ಟಿಲ ಮೇಲೆ ನಿಂತಿದ್ದಳು. ಸುತ್ತಮುತ್ತ ಒಬ್ಬ ಪೊಲೀಸಿನವನೂ ಕಾಣುತ್ತಿರಲಿಲ್ಲ. ಬೇರೆ ಯಾವ ದೇಶದ ಹೆಂಗಸಾದರೂ ಅದನ್ನು ಕಂಡು ಗಾಬರಿಯಾಗಿ ಮತ್ತೆ ಫೋನಿಗೆ ಓಡುತ್ತಿದ್ದಳು. ಇವಳು ನಮ್ಮವಳು. ಕಾಣುತ್ತಿಲ್ಲ ಎಂದರೆ ಬಂದಿದ್ದಾರೆ ಎಂದುಕೊಂಡಳು. ಪಕ್ಕದ ಬೀದಿಯಲ್ಲಿ ದೀಪ ಆರಿಸಿ ನಿಂತಿದ್ದಾರೆ ಎಂದು ಧೈರ್ಯವಾಗಿ ನಿಂತಳು.

“ಸರ್ಕೋ ಗೆರ್ಲಿಂಡೆ” ಎಂದ ಲುಟ್ಸ್.

“ಮನೇಗೆ ಹೋಗ್ರೋ. ಪೊಲೀಸ್ರು ಬಂದಿದಾರೆ.”

“ಎಲ್ಲಿದಾರೆ?”

“ಎಲ್ಲಾ ಕಡೆ.”

ಆಮೇಲೆ ನಡೆದದ್ದನ್ನು ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಇನ್ನೂರು ಜನ ಒಮ್ಮೆಗೇ ಸುತ್ತ ತಿರುಗಿದರು. ನಿಂತಿದ್ದ ಕಾರುಗಳನ್ನು ನೋಡಿದರು. ಎದುರಿನ ಕಿಟಕಿಗಳನ್ನು ನೋಡಿದರು. ಪಕ್ಕದಲ್ಲಿದ್ದವನ ಮುಖ ನೋಡಿದರು. ಕೆಲವರು ಕೊರಳಪಟ್ಟಿ ಮೇಲೆತ್ತಿಕೊಂಡರು. ಇಪ್ಪತ್ತಾರು ವರ್ಷ ಎಲ್ಲೋ ಹೂತಿಟ್ಟಿದ್ದ ಭಯ ಹಳೆಯ ನಾಯಿಯಂತೆ ಎದ್ದು ಬಂದು ಕಾಲ ಬುಡದಲ್ಲಿ ನಿಂತಿತು. ಎರಡು ಮೂರು ನಿಮಿಷ ಹಾಗೇ. ಆ ಹೊತ್ತಿಗೆ ಎರಡು ಪೊಲೀಸ್ ಗಾಡಿ ಬಂದಿದ್ದರೆ ಸಾಕಿತ್ತು, ಎಲ್ಲರೂ ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದರು. ಗಾಡಿ ಬರಲಿಲ್ಲ.

“ಯಾರು ಕರೆದದ್ದು?” ಎಂದು ಹಿಂದಿನಿಂದ ಯಾರೋ ಕೇಳಿದರು.

“ನಾನು” ಎಂದಳು ಗೆರ್ಲಿಂಡೆ.

“ಚಾಡಿಕೋರಿ!” ಎಂದಿತು ಒಂದು ಹೆಣ್ಣು ದನಿ. ಆಮೇಲೆ ಹತ್ತು, ಆಮೇಲೆ ಎಲ್ಲ. ಭಯವಾಗಿದ್ದದ್ದು ಒಂದು ಕ್ಷಣದಲ್ಲಿ ಸಿಟ್ಟಾಯಿತು. ಮೊದಲ ಕಲ್ಲು ಕಿಟಕಿಗೆ ಬಿತ್ತು. ಯಾರೋ ಅವಳನ್ನು ಮೆಟ್ಟಿಲಿನಿಂದ ನೂಕಿದರು, ಸೊಂಟದ ಮೂಳೆ ಮುರಿಯಿತು. ಬೆಂಕಿಯ ಬಾಟಲಿ ಅವಳ ತಲೆಯ ಮೇಲಿಂದ ಹಾರಿ ಒಳಗೆ ಹೋಯಿತು.

ಮುಂದಿನ ಕೋಣೆಗಳು ಖಾಲಿ ಇದ್ದವು. ಸಮೀರಾ ಸರಿಯಾಗಿ ಆರೂಕಾಲಿಗೆ ಒಂದು ಮಗುವನ್ನೂ ಬಿಡದೆ ಎಲ್ಲರನ್ನೂ ಹಿಂದಿನ ಅಂಗಳಕ್ಕೆ ಸೇರಿಸಿದ್ದಳು. ನಬೀಲ್ ಎಣಿಸಿದ್ದ, ಲೆಕ್ಕ ಸರಿ ಇತ್ತು. ಆಮೇಲೆ ಅವನಿಗೆ ಕಾಗದಪತ್ರದ ಚೀಲ ನೆನಪಾಯಿತು. ಅವನದು, ಸಮೀರಾಳದು, ಇಬ್ಬರ ಗುರುತಿನ ಕಾಗದ, ಅರ್ಜಿ, ಡಿಗ್ರಿ, ಎಲ್ಲ ಅದರಲ್ಲೇ. ಅದಿಲ್ಲದೆ ಈ ದೇಶದಲ್ಲಿ ಅವರು ಯಾರೂ ಅಲ್ಲ. ತಂಗಿ ಕೈ ಹಿಡಿಯುವಷ್ಟರಲ್ಲಿ ಒಳಗೆ ಓಡಿದ. ಹೊಗೆ ಅವನನ್ನು ಎರಡನೆಯ ಮಹಡಿಯಲ್ಲಿ ಕೆಡವಿತು. ಮೂರನೆಯ ದಿನ ಆಸ್ಪತ್ರೆಯಲ್ಲಿ ಹೋದ. ಚೀಲ ಸಿಕ್ಕಿತು.

ಪೊಲೀಸರು ಏಳು ಗಂಟೆ ಹತ್ತು ನಿಮಿಷಕ್ಕೆ ಬಂದರು. ಅವರ ಪುಸ್ತಕದ ಪ್ರಕಾರ ಐದು ನಿಮಿಷ ಮುಂಚಿತವಾಗಿಯೇ.

ಗೆರ್ಲಿಂಡೆ ಆಸ್ಪತ್ರೆಯಿಂದ ಕೋಲು ಹಿಡಿದು ಬಂದಾಗ ಅವಳ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ‘ಚಾಡಿಕೋರಿ’ ಎಂದು ಬರೆದಿತ್ತು. ನಾನು ಉಜ್ಜಿದೆ, ಪೂರ್ತಿ ಹೋಗಲಿಲ್ಲ. ಬೇಕರಿಯಲ್ಲಿ ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಗಂಟೆ ಗೆರ್ಲಿಂಡೆ ಹೋಗಿ ಫೋನ್ ಗೆರ್ಲಿಂಡೆ ಆದಳು. ಕೊಂದವರಿಗೆ ಊರಿನಲ್ಲಿ ಹೆಸರಿಡಲಿಲ್ಲ, ಕರೆದವಳಿಗೆ ಇಟ್ಟರು. ಮಾತಾಡಿಸುತ್ತಿದ್ದವರು ಪಾದ್ರಿ, ಸಮೀರಾ, ನಾನು. ಸಮೀರಾ ಪ್ರತಿ ಸೋಮವಾರ ಬಂದು ಅವಳಿಗೆ ಕೂದಲು ಬಾಚಿ ಹೋಗುತ್ತಿದ್ದಳು. ನಬೀಲನ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಹದಿನೇಳರ ವಸಂತದಲ್ಲಿ ಜಿಲ್ಲಾ ಕೋರ್ಟಿನಲ್ಲಿ ಬೆಂಕಿಯ ಪ್ರಕರಣದ ವಿಚಾರಣೆ ನಡೆಯಿತು. ಅವಳನ್ನು ಕರೆದುಕೊಂಡು ಹೋದವನು ನಾನೇ. ಅವಳ ಫೋನ್ ಎತ್ತಿದ ಪೊಲೀಸಿನವನು ಪಶ್ಚಿಮದ ಕಲೋನ್ ಕಡೆಯಿಂದ ಬಂದ ತೆಳ್ಳನೆಯ ಯುವಕ, ಬೆರಳು ಕಚ್ಚಿಕೊಂಡು ಕೂತಿದ್ದ. ಅವನು ಬರೆದುಕೊಂಡ ಹೊತ್ತು ಏಳೂಕಾಲು ಎಂದು ಓದಿದಾಗ ಹಿಂದಿನ ಬೆಂಚಿನ ನಮ್ಮೂರವರು ನಕ್ಕರು. ನಗುವ ಜಾಗವೇ ಅದು? ಆಮೇಲೆ ನ್ಯಾಯಾಧೀಶರು ಧ್ವನಿಮುದ್ರಣ ಹಾಕಿಸಿದರು.

“ಪೊಲೀಸ್.”

“ಎರ್ಲೆನ್‌ಗ್ರೂನ್‌ನಿಂದ ಮಾತಾಡ್ತಿರೋದು. ಇವತ್ತು ಸಂಜೆ ಹಾಸ್ಟೆಲ್‌ಗೆ ಜನ ಬರ್ತಾರೆ. ಬರೀ ಕೂಗಕ್ಕಲ್ಲ. ಬೆಂಕಿ ತರ್ತಾರೆ.”

“ಎಷ್ಟು ಹೊತ್ತಿಗೆ ಮೇಡಂ?”

“ಕಾಲು ಏಳಕ್ಕೆ.”

ಕೀಲಿಮಣೆ ಒತ್ತುವ ಸದ್ದು. ಅದರ ಹಿಂದೆ, ದೂರದಲ್ಲಿ, ಮೆಟ್ಟಿಲು ಹತ್ತುವ ಹೆಜ್ಜೆ. ಹೆಜ್ಜೆ ಹತ್ತಿರವಾಯಿತು. ಆಮೇಲೆ ಒಂದು ಕೆಮ್ಮು. ಟಕ್ ಎಂದು ಫೋನ್ ಇಟ್ಟ ಸದ್ದು.

“ಏಳೂಕಾಲು, ಅಲ್ವಾ ಮೇಡಂ?” ಎಂದು ಆ ಯುವಕ ಖಾಲಿ ತಂತಿಯನ್ನು ಕೇಳುತ್ತಿದ್ದ. “ಹಲೋ? ಮೇಡಂ? ಏಳೂಕಾಲು ತಾನೆ?”

ಕೋರ್ಟಿನಲ್ಲಿ ಯಾರಿಗೂ ಆ ಕೆಮ್ಮಿನ ಗುರುತಿರಲಿಲ್ಲ. ನನಗಿತ್ತು. ಕಂಕುಳಲ್ಲಿ ಬ್ರೆಡ್ಡು ಇಟ್ಟುಕೊಂಡು ನಾನು ಹತ್ತುತ್ತಿದ್ದ ಹೆಜ್ಜೆ ಅದು.

ಬಸ್ಸು ಹಿಡಿದು ವಾಪಸ್ಸಾದೆವು. ಮನೆಗೆ ಬಂದು ಮೂರು ಮಹಡಿ ಅವಳ ತೋಳು ಹಿಡಿದು ಹತ್ತಿಸಿದೆ. ಬಾಗಿಲ ಮುಂದೆ ನನಗೆ ತಡೆಯಲಾಗಲಿಲ್ಲ.

“ಗೆರ್ಲಿಂಡೆ, ಇನ್ನೆರಡು ಕ್ಷಣ ಹಿಡ್ಕೊಂಡಿದ್ರೆ ಅವನು ಕೇಳಿದ್ದು ನಿಂಗೆ ಕೇಳ್ಸೋದು. ಯಾಕೆ ಇಟ್ಬಿಟ್ಟೆ?”

“ಮೆಟ್ಟಿಲ ಮೇಲೆ ಯಾರೋ ಬಂದ್ರು.”

“ನಾನು ಕಣೆ ಬಂದಿದ್ದು. ಆ ಕೆಮ್ಮು ನಂದು.”

“ಗೊತ್ತು.”

“ಗೊತ್ತಿದ್ದೂ ಇಟ್ಯಾ?”

ಅವಳು ಬೀಗದ ಕೈ ಹುಡುಕುತ್ತಿದ್ದಳು. ಬಾಗಿಲ ಮೇಲಿನ ಕೆಂಪು ಮಸುಕನ್ನು ನೋಡುತ್ತಾ, ಸಿಟ್ಟಿಲ್ಲದೆ, ಗಂಟೆ ಹೇಳಿದ ಹಾಗೆ ಹೇಳಿದಳು:

“ಗೊತ್ತಿದ್ದಕ್ಕೇ ಇಟ್ಟೆ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಗೋಡೆ ಹಿಡಿದುಕೊಂಡೆ.

“ಎಕ್ಕೆಹಾರ್ಟ್ ವಿಷಯ ಹೇಳಿಕೊಟ್ಟಿದ್ದು ನಾನಲ್ಲ ಗೆರ್ಲಿಂಡೆ. ದೇವರಾಣೆ ನಾನಲ್ಲ.”

“ಇರ್ಬಹುದು.”

“ನಲವತ್ತು ವರ್ಷ ನನ್ನ ಜೊತೆ ಕಾಫಿ ಕುಡಿದಿದೀಯ. ಒಂದು ಸಲಾನೂ ಕೇಳ್ಲಿಲ್ಲ.”

“ಎಂಟು ಬಾಗಿಲಿತ್ತು, ಜೀಗ್‌ಮಾರ್. ಯಾವ ಬಾಗಿಲಿಗೆ ಅಂತ ಹೋಗಿ ಕೇಳ್ಲಿ?” ಎಂದಳು. “ಹೋಗು, ಮಲ್ಕೋ. ನಿಂಗೂ ಸುಸ್ತಾಗಿದೆ.”

ಮುಂದಿನ ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ನನ್ನ ಮೇಲೆ ಅನುಮಾನ ಹೋಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಕೋರ್ಟಿನಿಂದ ಬಂದ ಆ ದಿನ ಅವಳು ಒಳಗೆ ಹೋದ ಮೇಲೆ ನಾನು ನನ್ನ ಮಹಡಿಗೆ ಹತ್ತಿದೆ. ನಾಲ್ಕು ಮೆಟ್ಟಿಲು ಏರಿರಲಿಲ್ಲ, ಕೆಮ್ಮು ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡೆ, ಆದರೂ ಬಂತು. ಕೆಳಗೆ ಅವಳ ಬಾಗಿಲ ಸರಪಳಿ ಬಿದ್ದ ಸದ್ದು ಕೇಳಿಸಿತು.